ತಳಕ್ಕೆ ಕೂತ ಕೊಬ್ಬು

ನನ್ನ ತಂಗಿಯ ಮಗಳಿಗೆ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಸೇರುವ ಮೊದಲು ಫೋನ್ ಮಾಡಿ, "ದೊಡ್ಡಮ್ಮ, ಆ ಕೆಲಸ ನಿಜವಾಗಿ ಹೇಗಿರುತ್ತೆ ಅಂತ ಸ್ವಲ್ಪ ಬರೆದು ಕಳಿಸಿ" ಅಂದಳು. ಅವಳ ಕಣ್ಣ ಮುಂದೆ ಬಿಳಿ ಕೋಟು, ಸೂಕ್ಷ್ಮದರ್ಶಕ, ಸಂಶೋಧನೆ ಎಂಬ ದೊಡ್ಡ ಮಾತು ಇದ್ದಿರಬೇಕು. ನನಗೆ ಮೊದಲು ನೆನಪಾದದ್ದು ಹುಳಿ ವಾಸನೆ. ಸೀರೆಯ ಸೆರಗಿನಲ್ಲಿ, ಟಿಫಿನ್ ಡಬ್ಬಿಯ ಚೀಲದಲ್ಲಿ, ಬಸ್ಸಿನಲ್ಲಿ ಪಕ್ಕ ಕೂತವರ ಮುಖದಲ್ಲಿ ಅದು ಕಾಣುತ್ತಿತ್ತು.

ಮೂವತ್ತಮೂರು ವರ್ಷ ಸಾಗರದ ಒಂದು ಕಾಲೇಜಿನ ಸೂಕ್ಷ್ಮಜೀವಿ ವಿಭಾಗದಲ್ಲಿ ನಾನು ತಂತ್ರಜ್ಞೆಯಾಗಿದ್ದೆ. ಕಾಲೇಜಿನ ಹೆಸರು ಬರೆಯುವುದಿಲ್ಲ. ಪಿಂಚಣಿ ಬರುತ್ತಿದೆ, ಅದು ನಿಲ್ಲುವುದು ಬೇಡ.

ನಾವು ಹೊಸನಗರದ ಕಡೆಯ ಜೈನರು. ನನ್ನ ತವರಿನಲ್ಲಿ ನಿನ್ನೆಯ ಅನ್ನ ಇವತ್ತಿಗಿಲ್ಲ, ಹುಳಿ ಬಂದ ಹಿಟ್ಟಿಲ್ಲ, ಎರಡು ದಿನದ ಮೊಸರಿಲ್ಲ. ಹಳಸಿದ್ದರಲ್ಲಿ ಜೀವಿ ಹುಟ್ಟುತ್ತದೆ, ತಿಂದರೆ ಹಿಂಸೆ. ಇಂಥ ಮನೆಯ ಹುಡುಗಿಗೆ ಸಿಕ್ಕ ಕೆಲಸ ಏನೆಂದರೆ ಊರೂರು ಸುತ್ತಿ ಹುಳಿ ಬಂದದ್ದನ್ನು ಹುಡುಕುವುದು, ಅದರೊಳಗಿನ ಜೀವಿಗಳನ್ನು ಪ್ರೀತಿಯಿಂದ ಸಾಕುವುದು, ಆಮೇಲೆ ಆಟೋಕ್ಲೇವ್ ಎಂಬ ದೊಡ್ಡ ಪ್ರೆಶರ್ ಕುಕ್ಕರಿನಲ್ಲಿ ಇಟ್ಟು ಬೇಯಿಸಿ ಕೊಲ್ಲುವುದು. ಕೆಲಸ ಸೇರಿದ ಹೊಸತರಲ್ಲಿ ಅಮ್ಮ ಕೇಳಿದಳು: "ದಿನಕ್ಕೆ ಎಷ್ಟು ಸಾಯ್ತವೆ?"

"ಒಂದು ಹನಿಯಲ್ಲೇ ಕೋಟಿ ಇರ್ತಾವಮ್ಮ."

ಅಮ್ಮ ಕೈಯಲ್ಲಿದ್ದ ಜಪಮಾಲೆಯನ್ನು ಕೆಳಗಿಟ್ಟಳು. ಆಮೇಲೆ, "ಪೆನ್ಶನ್ ಉಂಟಾ?" ಅಂದಳು. ಉಂಟು ಅಂದೆ. ಧರ್ಮದ ಚರ್ಚೆ ಅಲ್ಲಿಗೆ ಮುಗಿಯಿತು.

ಆಗ ಪಿಪೆಟ್ಟನ್ನು ಬಾಯಲ್ಲಿ ಎಳೆಯುತ್ತಿದ್ದೆವು. ಗಾಜಿನ ಕೊಳವೆಯ ಒಂದು ತುದಿ ಸೀಸೆಯೊಳಗೆ, ಇನ್ನೊಂದು ತುದಿ ತುಟಿಯಲ್ಲಿ. ಎಳನೀರು ಕುಡಿದ ಹಾಗೆ ಎಳೆದು ಗೆರೆ ಬಂದ ಕೂಡಲೇ ಬೆರಳಿಟ್ಟು ನಿಲ್ಲಿಸಬೇಕು. ಪರ್ಯೂಷಣದ ಉಪವಾಸದ ದಿನ ಗೆರೆ ದಾಟಿ ಎಳೆದು ಯಾರದೋ ಮನೆಯ ನಾಲ್ಕು ದಿನದ ಮಜ್ಜಿಗೆ ನುಂಗಿದೆ. ಅಮ್ಮನಿಗೆ ಹೇಳಲಿಲ್ಲ. ಈಗ ಗುಂಡಿ ಒತ್ತಿದರೆ ಅಳತೆ ತಾನೇ ಬೀಳುವ ಪಿಪೆಟ್ಟು ಬಂದಿದೆ. ಆಗ ಒಂದು ಬ್ಯಾಕ್ಟೀರಿಯಾದ ಜಾತಿ ತಿಳಿಯಲು ಹತ್ತಾರು ಬಗೆಯ ಸಕ್ಕರೆ ಕೊಟ್ಟು, ಯಾವುದನ್ನು ಹುಳಿ ಮಾಡುತ್ತದೆ ಎಂದು ವಾರಗಟ್ಟಲೆ ಕಾಯಬೇಕಿತ್ತು. ಈಗ ಸ್ಯಾಂಪಲ್ಲನ್ನು ಕೊರಿಯರ್‌ನಲ್ಲಿ ಬೆಂಗಳೂರಿಗೆ ಕಳಿಸಿದರೆ ಹೆಸರು ಈಮೇಲಿನಲ್ಲಿ ಬರುತ್ತದೆ. ಮಾಡುವ ರೀತಿ ಇಷ್ಟೆಲ್ಲ ಬದಲಾದರೂ, ತನಗೆ ಬೇಕಾದ ಉತ್ತರ ಮೊದಲೇ ಗೊತ್ತಿರುವ ಮೇಲಧಿಕಾರಿ ಮಾತ್ರ ಎಲ್ಲ ಕಾಲದಲ್ಲೂ ಇದ್ದಾನೆ. ನಾನು ಹೇಳಬೇಕಾದದ್ದು ಅಂಥ ಒಬ್ಬರ ವಿಷಯ. ಹೆಸರು ಬೇಡ, ಮುಖ್ಯಸ್ಥರು ಎನ್ನುತ್ತೇನೆ.

ನನ್ನ ನಿವೃತ್ತಿಗೆ ಆರೇಳು ವರ್ಷ ಇದ್ದಾಗ ಮುಖ್ಯಸ್ಥರು ಒಂದು ಸಮ್ಮೇಳನಕ್ಕೆ ಹೋಗಿ ಬಂದರು. ಮಲೆನಾಡಿನ ಅಡುಗೆಮನೆಯಲ್ಲಿ ಹುದುಗುವ ಪದಾರ್ಥಗಳಲ್ಲಿ ಕೊಲೆಸ್ಟ್ರಾಲ್ ಇಳಿಸುವ ಬ್ಯಾಕ್ಟೀರಿಯಾ ಇದೆ, ಅದನ್ನು ನಾವು ಹುಡುಕುತ್ತೇವೆ ಎಂದು ಘೋಷಿಸಿದರು. "ಇರಬಹುದು" ಎಂದಿದ್ದರೆ ನನ್ನ ತಕರಾರಿರಲಿಲ್ಲ. ಅವರು ಹೇಳಿದ್ದು "ಇದೆ". ಹುಡುಕುವ "ನಾವು" ಎಂದರೆ ನಾನು. ಐಸ್ ತುಂಬಿದ ಡಬ್ಬಿ ಹೆಗಲಿಗೆ ಹಾಕಿಕೊಂಡು ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳ ಬಸ್ಸು ಹತ್ತಿದೆ. ಮಜ್ಜಿಗೆ, ಬಿದಿರಿನ ಕಳಲೆ, ಅಪ್ಪೆಮಿಡಿ ಮಾವಿನ ಉಪ್ಪುನೀರು, ದೋಸೆ ಹಿಟ್ಟು ಎಲ್ಲ ಸಣ್ಣ ಸೀಸೆಗಳಲ್ಲಿ ತುಂಬಿದವು. ಒಮ್ಮೆ ಕಂಡಕ್ಟರು ಡಬ್ಬಿ ಮೂಸಿ, "ಇದು ಸತ್ತಿದ್ಯಾ, ಬದುಕಿದ್ಯಾ?" ಎಂದು ಕೇಳಿದ. ಬದುಕಿದೆ ಅಂದೆ. "ಹಂಗಾರೆ ಹಿಂದ್ಗಡೆ ಸೀಟಲ್ಲಿ ಕೂತ್ಕಳಿ" ಅಂದ.

ನಿಟ್ಟೂರಿನ ಸರೋಜಮ್ಮನ ಮನೆಗೆ ಹೋದದ್ದು ಮೊಸರಿನ ಹೆಪ್ಪಿಗಾಗಿ. ಅವರ ಮನೆಯ ಹೆಪ್ಪಿನ ಖ್ಯಾತಿ ನಾಲ್ಕೂರಿಗೆ ಹಬ್ಬಿತ್ತು. "ಅತ್ತೆಯ ಅತ್ತೆ ಕಾಲದ್ದು. ಒಂದ್ ದಿನವೂ ತಪ್ಪಿದ್ದಿಲ್ಲೆ," ಅಂದರು. ನಾನು ತಲುಪುವಾಗ ದೀಪ ಹಚ್ಚಿ ಆಗಿತ್ತು. ದೀಪ ಹಚ್ಚಿದ ಮೇಲೆ ಹೆಪ್ಪು ಹೊಸ್ತಿಲು ದಾಟುವಂತಿಲ್ಲ. ಮರುದಿನ ಮತ್ತೆ ಬಸ್ಸು, ಮತ್ತೆ ನಿಟ್ಟೂರು. ಸೀಸೆಗೆ ಹೆಪ್ಪು ಹಾಕಿಸಿಕೊಂಡು ಹೊರಟಾಗ ಅವರ ಯಜಮಾನರು ಗೇಟಿನವರೆಗೆ ಬಂದು ತಗ್ಗಿದ ದನಿಯಲ್ಲಿ ಹೇಳಿದರು:

"ತಂಗಿ, ಒಂದು ಮಾತು. ಕಳೆದ ವರ್ಷ ಇವಳು ಮಗಳ ಬಾಣಂತನಕ್ಕೆ ಹೋಗಿದ್ದಾಗ ಬೆಕ್ಕು ಹೆಪ್ಪಿನ ಕುಡಿಕೆ ಉರುಳಿಸಿತ್ತು. ಹೊಸನಗರ ಬಸ್‌ಸ್ಟ್ಯಾಂಡಿಂದ ಪ್ಯಾಕೆಟ್ ಮೊಸರು ತಂದು ಅದರಲ್ಲೇ ಹೆಪ್ಪು ಮಾಡಿಟ್ಟೆ. ಅವಳಿಗೆ ಗೊತ್ತಿಲ್ಲೆ. ನೀವೂ ಹೇಳೂದು ಬೇಡ."

ಸರೋಜಮ್ಮನಿಗೆ ಹೇಳಲಿಲ್ಲ, ಮುಖ್ಯಸ್ಥರಿಗೆ ಹೇಳಿದೆ. ಅವರು ಪೆನ್ನಿನ ಮುಚ್ಚಳ ಕಚ್ಚುತ್ತ ಯೋಚಿಸಿದರು. "ಆಕೆಗೆ ಗೊತ್ತಿಲ್ಲ ಅಂದ್ರಲ್ಲ. ನಾವು ಆಕೆ ಹೇಳಿದ್ದನ್ನ ಬರೀತಿದೀವಿ," ಅಂದರು. ವರದಿಯಲ್ಲಿ ನಿಟ್ಟೂರಿನ ಹೆಪ್ಪು ಶತಮಾನದ್ದೇ ಆಗಿ ಉಳಿಯಿತು. ಪ್ಯಾಕೆಟ್ಟಿನ ಮೇಲೆ ತಯಾರಾದ ತಾರೀಕು ಅಚ್ಚಾಗಿರುತ್ತದೆ ಅನ್ನುವುದನ್ನು ನಾನು ಮನಸ್ಸಿನಲ್ಲೇ ಇಟ್ಟುಕೊಂಡೆ. ಆಗ ನಗು ಬಂದಿತ್ತು. ಅವತ್ತೇ ನಗದೆ ಜಗಳ ಆಡಿದ್ದರೆ ಮುಂದಿನದ್ದು ಬೇರೆಯಾಗುತ್ತಿತ್ತೋ ಏನೋ.

ಅರಳಸುರಳಿಯ ಕೃಷ್ಣಪ್ಪ ಗೌಡರದ್ದು ಅಕ್ಕಿ ಗಿರಣಿ. ಯಂತ್ರದ ಸದ್ದಿನಲ್ಲಿ ಮಾತಾಡಿ ಮಾತಾಡಿ ಅವರ ದನಿ ಗಿರಣಿ ನಿಂತಾಗಲೂ ಇಳಿಯುತ್ತಿರಲಿಲ್ಲ. ಹೆಂಡತಿ ಶಾರದಮ್ಮ ಹಲಸಿನ ಕಾಯಿಯ ಸೊಳೆಯನ್ನು ಉಪ್ಪಿನಲ್ಲಿ ಹಾಕಿ ಭರಣಿಯಲ್ಲಿ ವರ್ಷವಿಡೀ ಇಡುತ್ತಿದ್ದರು. ಆ ಸೊಳೆಯ ಉಪ್ಪುನೀರನ್ನು ಸೀಸೆಗೆ ತುಂಬಿ, "ಅ-೧೧" ಎಂದು ಚೀಟಿ ಅಂಟಿಸಿದೆ. ಅರಳಸುರಳಿಯಲ್ಲಿ ತೆಗೆದ ಹನ್ನೊಂದನೆಯ ಸ್ಯಾಂಪಲ್ಲು, ಅಷ್ಟೇ ಅದರ ಅರ್ಥ. ಗೌಡರು ಕೇಳಿದರು: "ಇದ್ರಲ್ಲಿ ಎಂತ ನೋಡ್ತೀರಿ ಸುಮತಕ್ಕ?" ಕೊಲೆಸ್ಟ್ರಾಲ್ ಇಳಿಸೋ ಬ್ಯಾಕ್ಟೀರಿಯಾ ಇದ್ಯಾ ಅಂತ, ಅಂದೆ. "ನಂಗೂ ಉಂಟು ಕೊಲೆಸ್ಟ್ರಾಲು. ಬಿಪಿನೂ ಉಂಟು. ದಿನಾ ಮಾತ್ರೆ ನುಂಗಿ ಸಾಕಾಗಿದೆ. ಸಿಕ್ರೆ ಮೊದ್ಲು ನಂಗೆ ಹೇಳ್ಬೇಕು," ಅಂದರು. ಆಗಲಿ ಅಂದೆ.

ನಮ್ಮ ಪರೀಕ್ಷೆ ಸರಳ. ಸೀಸೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯುವ ಸಾರು, ಅದಕ್ಕೆ ಹೊಟ್ಟೆಯೊಳಗಿನ ಹಾಗೆ ಇರಲೆಂದು ಪಿತ್ತದ ಲವಣ, ಅದಕ್ಕೆ ಅಳೆದ ಕೊಲೆಸ್ಟ್ರಾಲು. ಸ್ಯಾಂಪಲ್ಲಿನಿಂದ ಬೆಳೆಸಿದ ಬ್ಯಾಕ್ಟೀರಿಯಾವನ್ನು ಅದರೊಳಗೆ ಬಿಟ್ಟು ಒಂದು ದಿನ ಬೆಚ್ಚಗೆ ಇಡಬೇಕು. ಆಮೇಲೆ ಯಂತ್ರದಲ್ಲಿ ಗಿರಗಿರ ತಿರುಗಿಸಿದರೆ ಗಸಿ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯಲ್ಲಿ ಎಷ್ಟು ಕೊಲೆಸ್ಟ್ರಾಲು ಉಳಿದಿದೆ ನೋಡಬೇಕು. ಕಡಿಮೆಯಾದದ್ದನ್ನು ಬ್ಯಾಕ್ಟೀರಿಯಾ ತಿಂದಿತು ಎಂದು ಲೆಕ್ಕ. ತಳದ ಗಸಿಯನ್ನು ತೊಳೆದು ಚೆಲ್ಲುವುದು.

ಅ-೧೧ರ ತಿಳಿಯಲ್ಲಿ ಕೊಲೆಸ್ಟ್ರಾಲು ಹುಡುಕಿದರೂ ಇರಲಿಲ್ಲ. ಮುಖ್ಯಸ್ಥರು ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮೊಮ್ಮಗನನ್ನು ನೋಡುವ ಹಾಗೆ ನೋಡಿದರು. ಇಲಿಯ ಮೇಲೆ ಪರೀಕ್ಷೆ ಆಗಿರಲಿಲ್ಲ, ಮನುಷ್ಯರ ಮಾತು ದೂರವೇ. ಆದರೂ ಮುಂದಿನ ವಾರ ಸ್ಥಳೀಯ ಪತ್ರಿಕೆಯಲ್ಲಿ ಅವರ ಫೋಟೋ ಬಂತು. "ಹಲಸಿನ ಉಪ್ಪುಸೊಳೆಯಲ್ಲಿ ಹೃದಯಕ್ಕೆ ಅಮೃತ" ಎಂಬ ತಲೆಬರಹ. ಹಿರಿಯರ ಜ್ಞಾನ, ಮಲೆನಾಡಿನ ಹಿರಿಮೆ, ಮಾತ್ರೆಗಳ ಅಡ್ಡಪರಿಣಾಮ ಎಲ್ಲದರ ಬಗ್ಗೆಯೂ ಎರಡೆರಡು ಸಾಲು. ಊರಿನ ಹೆಸರೂ ಇತ್ತು.

ತಿಂಗಳ ನಂತರ ಇನ್ನೊಂದು ಸ್ಯಾಂಪಲ್ಲಿಗೆ ಅರಳಸುರಳಿಗೆ ಹೋದೆ. ಗೌಡರ ಜಗಲಿಯಲ್ಲಿ ನಾಲ್ಕು ಜನ ಖಾಲಿ ಬಾಟಲಿ ಹಿಡಿದು ಕೂತಿದ್ದರು. ಒಬ್ಬರು ಸೊರಬದಿಂದ ಬಂದವರು. ಗಿರಣಿಯ ಬಾಗಿಲಿಗೆ ಪತ್ರಿಕೆಯ ತುಂಡು ಅಂಟಿಸಿತ್ತು. ಗೌಡರು ಸೊಳೆಯ ಉಪ್ಪುನೀರಿನ ಲೋಟ ಎತ್ತಿ ತೋರಿಸಿದರು.

"ಬಂದ್ರಾ. ನೋಡಿ, ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ. ಕೊಲೆಸ್ಟ್ರಾಲ್ ಮಾತ್ರೆ ಬಿಟ್ಟೆ."

"ಗೌಡ್ರೇ, ಇದು ಬರೀ ಉಪ್ಪು. ನಿಮ್ಗೆ ಬಿಪಿ ಬೇರೆ ಇದೆ."

"ಬಿಪಿಗೆ ಮಾತ್ರೆ ಇದ್ಯಲ್ಲ, ಅದು ಬಿಟ್ಟಿಲ್ಲ. ನೀವೇ ಹುಡುಕಿ, ನೀವೇ ಬೇಡ ಅಂದ್ರೆ?"

"ಡಾಕ್ಟ್ರನ್ನ ಒಂದ್ಸಲ ಕೇಳಿ."

"ನಿಮ್ ಸಾಹೇಬ್ರೂ ಡಾಕ್ಟ್ರೇ ಅಲ್ವಾ. ಪೇಪರಲ್ಲೇ ಹಾಕಿದಾರೆ."

ಸಾಹೇಬರದ್ದು ಬೇರೆ ಡಾಕ್ಟರು, ಅದು ಪಿಎಚ್‌ಡಿ ಎಂದು ವಿವರಿಸಲು ಹೊರಟೆ. ಅಷ್ಟರಲ್ಲಿ ಶಾರದಮ್ಮ ಕಾಫಿ ತಂದರು, ಜಗಲಿಯವರು ಪ್ರಶ್ನೆ ಕೇಳತೊಡಗಿದರು, ಬಸ್ಸಿನ ಹೊತ್ತಾಯಿತು. ನಾನು ಸುಮ್ಮನೆ ಎದ್ದು ಬಂದೆ. ಹೊಗಳಿಸಿಕೊಳ್ಳುವ ಜಗಲಿಯಲ್ಲಿ ಕೂತು ನಿಜ ಹೇಳುವುದು ಎಷ್ಟು ಕಷ್ಟ ಎಂದು ಅವತ್ತು ತಿಳಿಯಿತು. "ಇವ್ರೇ ಕಂಡುಹಿಡಿದದ್ದು" ಎಂದು ಗೌಡರು ಎಲ್ಲರಿಗೂ ನನ್ನನ್ನು ತೋರಿಸಿದ್ದರು. ನನಗೆ ಅದು ಹಿತವಾಗಿತ್ತು. ಈ ಸಾಲು ಬರೆಯಲು ಹಿಂದೆಮುಂದೆ ನೋಡಿದೆ, ಬರೆದಿದ್ದೇನೆ.

ಇನ್ನು ನನ್ನ ತಪ್ಪಿನ ಕಥೆ. ಆ ತಪ್ಪಿನಿಂದಲೇ ನಿಜ ಗೊತ್ತಾದದ್ದು. ಒಂದು ಮಧ್ಯಾಹ್ನ ಅ-೧೧ರ ಸೀಸೆಗಳಿಂದ ತಿಳಿ ತೆಗೆದಿಟ್ಟು, ಇನ್ನೊಂದು ಕೆಲಸಕ್ಕೆಂದು ತಯಾರಿಸಿದ್ದ ಹುಳಿಯಿಲ್ಲದ ಲವಣದ್ರಾವಣವನ್ನು ಎಚ್ಚರವಿಲ್ಲದೆ ತಳದ ಗಸಿಗೆ ಸುರಿದೆ. ಚೆಲ್ಲಬೇಕಿದ್ದ ಗಸಿ ಅದರಲ್ಲಿ ಕಲಸಿಕೊಂಡಿತು. ಮತ್ತೆ ತಿರುಗಿಸಿದೆ, ತಿಳಿ ಬಂತು. ಹಳೆಯ ತಿಳಿ ಎಂದೇ ಭಾವಿಸಿ ಅದನ್ನು ಅಳೆದೆ. ಕೊಲೆಸ್ಟ್ರಾಲು ಬಹುಪಾಲು ಹಾಗೇ ಇತ್ತು.

ಸೀಸೆ ಅದಲುಬದಲಾಗಿದೆ ಎಂದುಕೊಂಡು ಮರುದಿನ ಬೇಕೆಂದೇ ಮಾಡಿದೆ. ಅದೇ ಉತ್ತರ. ಮೂರನೆಯ ಸಲವೂ ಅದೇ. ಕೂತು ಯೋಚಿಸಿದಾಗ ಬಿಡಿಸಿಕೊಂಡಿತು. ನಮ್ಮ ಬ್ಯಾಕ್ಟೀರಿಯಾ ಸಾರನ್ನು ಹುಳಿ ಮಾಡುತ್ತಿತ್ತು. ಅದು ಪಿತ್ತದ ಲವಣವನ್ನು ಒಡೆಯುತ್ತಿತ್ತು. ಒಡೆದ ಲವಣ ಹುಳಿಯಲ್ಲಿ ನಿಲ್ಲಲಾರದೆ ತಳಕ್ಕೆ ಇಳಿಯುವಾಗ ಕೊಲೆಸ್ಟ್ರಾಲನ್ನೂ ಜೊತೆಗೆ ಎಳೆದುಕೊಂಡು ಕೂರುತ್ತಿತ್ತು. ಹುಳಿಯಿಲ್ಲದ ದ್ರಾವಣ ಸಿಕ್ಕಿದಾಗ ಎಲ್ಲ ಮತ್ತೆ ಎದ್ದು ಬರುತ್ತಿತ್ತು. ಅ-೧೧ ಹೆಚ್ಚೇನೂ ತಿಂದಿರಲಿಲ್ಲ. ನಾವು ಮೇಲಿನದ್ದನ್ನು ಅಳೆದು ತಳದ್ದನ್ನು ಚೆಲ್ಲಿ ಅಮೃತ ಎಂದಿದ್ದೆವು. ಈ ಎಡವಟ್ಟು ಬಲ್ಲವರಿಗೆ ಹೊಸದೇನಲ್ಲ ಎಂದು ಆಮೇಲೆ ತಿಳಿಯಿತು. ನಾವು ಬಲ್ಲವರನ್ನು ಕೇಳಿರಲಿಲ್ಲ.

ಮೂರು ದಿನದ ಅಂಕಿಗಳನ್ನು ಮುಖ್ಯಸ್ಥರ ಮೇಜಿನ ಮೇಲಿಟ್ಟೆ. ಅವರು ಓದಿದರು. ಅವರಿಗೆ ಅರ್ಥವಾಯಿತು, ಅವರು ದಡ್ಡರಲ್ಲ, ದಡ್ಡರಾಗಿದ್ದರೆ ಕ್ಷಮಿಸಬಹುದಿತ್ತು. ಹಾಳೆಯನ್ನು ಮಡಚಿ ನನ್ನ ಕಡೆ ತಳ್ಳಿದರು.

"ಸುಮತಿ, ಸೀಸೆ ತೊಳೆಯೋದು ನಿಮ್ಮ ಕೆಲಸ. ತೊಳೆದ ನೀರನ್ನ ಅಳೆಯೋದಲ್ಲ."

"ಸರ್, ಅಲ್ಲಿ ಜನ ಮಾತ್ರೆ ಬಿಟ್ಟಿದಾರೆ."

"ಮಾತ್ರೆ ಬಿಡಿ ಅಂತ ನಾನು ಹೇಳಿದೀನಾ? ಪೇಪರ್ ತೆಗೆದು ನೋಡಿ."

ನೋಡಿದೆ. ನಿಜ, ಬಿಡಿ ಎಂದು ಎಲ್ಲೂ ಇರಲಿಲ್ಲ. ಓದಿದವರು ಬಿಡುವ ಹಾಗೆ ಇತ್ತು, ಅಷ್ಟೇ. ನಾನು ಹಾಳೆಯನ್ನು ನನ್ನ ಡ್ರಾಯರಿನಲ್ಲಿಟ್ಟೆ. ಅವರು ಇನ್ನೊಂದು ಸಲ ಯೋಚಿಸಲಿ, ನಾಳೆ ಮತ್ತೆ ಹೇಳೋಣ ಅಂದುಕೊಂಡೆ. ನಾಳೆ ನಾಡಿದ್ದಾಯಿತು. ಅರಳಸುರಳಿಗೆ ಒಂದು ಫೋನ್ ಮಾಡಲು ನನಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಮಾಡಲಿಲ್ಲ.

ಹದಿನೈದು ದಿನ ಕಳೆದ ಮೇಲೆ ಶಾರದಮ್ಮನ ಫೋನ್ ಬಂತು. ಗೌಡರು ಗಿರಣಿಯಲ್ಲೇ ಕುಸಿದಿದ್ದರು. ಬಿಪಿ ಸಿಕ್ಕಾಪಟ್ಟೆ ಏರಿ ಪಾರ್ಶ್ವವಾಯು ಹೊಡೆದಿತ್ತು. ತೀರ್ಥಹಳ್ಳಿಯ ಆಸ್ಪತ್ರೆಯಲ್ಲಿದ್ದರು. ಮೊದಲ ಬಸ್ಸಿಗೆ ಹೋದೆ. ಬಾಯಿ ಒಂದು ಕಡೆ ವಾಲಿತ್ತು, ಬಲಗೈ ಹಾಸಿಗೆಯ ಮೇಲೆ ಬೇರೆ ಯಾರದೋ ಕೈಯ ಹಾಗೆ ಬಿದ್ದಿತ್ತು. ಆ ದೊಡ್ಡ ದನಿ ಪಿಸುಗುಟ್ಟುವಷ್ಟಾಗಿತ್ತು.

ಶಾರದಮ್ಮ ನನ್ನ ಕೈ ಹಿಡಿದು, "ನಾನೇ ದಿನಾ ಸೋಸಿ ಕೊಡ್ತಿದ್ದೆ. ಉಪ್ಪು ಜಾಸ್ತಿ ಆಯ್ತು ಅಂತಾರೆ ಡಾಕ್ಟ್ರು. ನಾನೇ ಮಾಡಿದ್ದು ಇದು," ಅಂದರು.

"ನೀವಲ್ಲ ಶಾರದಮ್ಮ, ನಾವು," ಅಂದೆ. ಮಂಚದ ಪಕ್ಕ ನಿಂತು ಎಲ್ಲ ಹೇಳಿದೆ. ಸೀಸೆ, ಗಸಿ, ತೊಳೆದ ನೀರು ಯಾವುದನ್ನೂ ಬಿಡಲಿಲ್ಲ. ಗೌಡರು ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಹಂಗಾರೆ ಕೊಬ್ಬು ಎಲ್ಲಿಗ್ ಹೋಯ್ತು?"

"ಎಲ್ಲಿಗೂ ಹೋಗ್ಲಿಲ್ಲ ಗೌಡ್ರೇ. ಸೀಸೆ ತಳದಲ್ಲೇ ಕೂತಿತ್ತು."

"ನಿಮ್ ಸಾಹೇಬ್ರಿಗೆ ಹೇಳಿದ್ರಾ?"

"ಹೇಳಿದೆ."

"ಯಾವಾಗ?"

"ಹದಿನೈದು ದಿನ ಆಯ್ತು."

ಅವರು ಕಣ್ಣು ತೆರೆದು ನನ್ನನ್ನು ನೋಡಿದರು. "ನಂಗ್ ಹೇಳ್ಲಿಲ್ಲ," ಅಂದರು. ಸಿಟ್ಟಿರಲಿಲ್ಲ. ಅಕ್ಕಿ ತೂಕ ಕಡಿಮೆ ಬಂದಿದೆ ಎಂದು ಹೇಳುವವರ ಹಾಗೆ ಹೇಳಿ ಮತ್ತೆ ಕಣ್ಣು ಮುಚ್ಚಿದರು. ಮೂವತ್ತಮೂರು ವರ್ಷದಲ್ಲಿ ಮೇಲಧಿಕಾರಿಗಳಿಂದ ನಾನು ಬಹಳ ಬೈಸಿಕೊಂಡಿದ್ದೇನೆ. ಯಾವ ಬೈಗುಳವೂ ಆ ಮಾತಿನ ಹತ್ತಿರ ಬಂದಿಲ್ಲ.

ಮರುದಿನ ಎರಡು ಪುಟ ಬರೆದು, ಸಹಿ ಹಾಕಿ, ಪ್ರಾಂಶುಪಾಲರಿಗೆ ಕೊಟ್ಟೆ. ಅವರು ಅದನ್ನು ಸೂಕ್ತ ಕ್ರಮಕ್ಕಾಗಿ ಮುಖ್ಯಸ್ಥರಿಗೇ ಕಳಿಸಿದರು. ಸೂಕ್ತ ಕ್ರಮ ಬೇಗ ಆಯಿತು: ನನ್ನನ್ನು ಪ್ರಯೋಗಾಲಯದಿಂದ ತೆಗೆದು ಗಾಜಿನ ಸಾಮಾನಿನ ಉಗ್ರಾಣಕ್ಕೆ ಹಾಕಿದರು. ಪತ್ರಿಕೆಯವರ ಬಳಿ ಹೋದೆ. ಅಲ್ಲಿನ ವರದಿಗಾರ ಸಜ್ಜನ, ಕುರ್ಚಿ ಕೊಟ್ಟು ಕೂರಿಸಿದ. "ಮೇಡಂ, ಕೊಲೆಸ್ಟ್ರಾಲ್ ಇಳಿಯುತ್ತೆ ಅನ್ನೋದು ಸುದ್ದಿ. ಇಳಿಯಲ್ಲ ಅನ್ನೋದು ಹೇಗೆ ಸುದ್ದಿ ಆಗುತ್ತೆ? ಅದು ಮೊದ್ಲಿಂದ್ಲೂ ಇಳೀತಿರ್ಲಿಲ್ವಲ್ಲ," ಅಂದ. ತರ್ಕ ಸರಿಯಿತ್ತು. ಎರಡು ವಾರದ ಮೇಲೆ ಅಡಿಕೆ ಧಾರಣೆಯ ಕೆಳಗೆ ನಾಲ್ಕು ಸಾಲು ಬಂತು: "ಉಪ್ಪುಸೊಳೆ: ಹೆಚ್ಚಿನ ಅಧ್ಯಯನ ಅಗತ್ಯ".

ಆ ನಾಲ್ಕು ಸಾಲನ್ನು ನಂಬಿ ಕೂರುವ ಹಾಗಿರಲಿಲ್ಲ. ಸ್ಯಾಂಪಲ್ ತಂದ ಮನೆಗಳ ಪಟ್ಟಿ ನನ್ನ ಹತ್ತಿರ ಇತ್ತು. ರಜೆ ಹಾಕಿ, ಐಸ್ ಡಬ್ಬಿಯಿಲ್ಲದೆ, ಅದೇ ಬಸ್ಸುಗಳನ್ನು ಮತ್ತೆ ಹತ್ತಿದೆ. ಒಂದೊಂದು ಮನೆಗೂ ಹೋಗಿ ಹೇಳಿದೆ. ಉಪ್ಪುನೀರು ಕುಡಿಯಬೇಡಿ, ಮಾತ್ರೆ ಬಿಟ್ಟಿದ್ದರೆ ಇವತ್ತೇ ಡಾಕ್ಟರ ಹತ್ತಿರ ಹೋಗಿ. ಇಬ್ಬರು ಬಿಟ್ಟಿದ್ದರು, ಇಬ್ಬರೂ ಹೋಗಿ ತೋರಿಸಿಕೊಂಡರು. ಒಂದು ಮನೆಯ ಅಜ್ಜಿ ನನ್ನ ಮಾತನ್ನೆಲ್ಲ ಶ್ರದ್ಧೆಯಿಂದ ಕೇಳಿ, "ಸರಿ ಮಗಾ. ಆದ್ರೂ ಆ ಅರಳಸುರಳಿ ನೀರು ಒಂದು ಬಾಟ್ಲಿ ಸಿಕ್ರೆ ತಂದ್ಕೊಡು, ಮಂಡಿನೋವಿಗೆ ನೋಡ್ತೀನಿ," ಅಂದರು.

ಈ ಕೆಲಸಕ್ಕೆ ಬರುವವರು ತಪ್ಪು ತಿಳಿಯಬಾರದು. ಹುದುಗಿನಲ್ಲಿ ಹುರುಳೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಕೆಲವು ಜಾತಿಯ ಬ್ಯಾಕ್ಟೀರಿಯಾಗಳನ್ನು ಮನುಷ್ಯರಿಗೇ ಕೊಟ್ಟು ನೋಡಿದಾಗ ಕೊಲೆಸ್ಟ್ರಾಲು ಸ್ವಲ್ಪ ಇಳಿದದ್ದುಂಟು. ಅದು ಇಂಥದೇ ತಳಿ, ಇಷ್ಟೇ ಪ್ರಮಾಣ, ಇಷ್ಟು ವಾರ ಎಂಬ ಲೆಕ್ಕದ ಮಾತು. ನಿಮ್ಮ ಅಜ್ಜಿಯ ಭರಣಿಗೆ ಆ ಲೆಕ್ಕ ಗೊತ್ತಿಲ್ಲ, ಅಜ್ಜಿಯೂ ಹಾಗೆಂದು ಹೇಳಿದವಳಲ್ಲ. ಅವಳು ಸೊಳೆಯನ್ನು ಉಪ್ಪಿಗೆ ಹಾಕಿದ್ದು ಪಲ್ಯಕ್ಕೆ. ಅದನ್ನೂ ನೀರಲ್ಲಿ ನೆನೆಸಿ, ಉಪ್ಪು ಬಿಡಿಸಿ, ಆ ನೀರು ಚೆಲ್ಲಿಯೇ ಬೇಯಿಸುತ್ತಿದ್ದಳು. ಅವಳು ಚೆಲ್ಲುತ್ತಿದ್ದುದನ್ನು ನಾವು ಕುಡಿಸಿದೆವು, ನಾವು ಚೆಲ್ಲುತ್ತಿದ್ದುದರಲ್ಲಿ ಉತ್ತರ ಇತ್ತು.

ಗೌಡರು ಬದುಕಿದರು. ಕೋಲು ಹಿಡಿದು ನಡೆಯುತ್ತಾರೆ. ಗಿರಣಿಯನ್ನು ತಮ್ಮನಿಗೆ ಬಿಟ್ಟಿದ್ದಾರೆ. ವರ್ಷಕ್ಕೊಮ್ಮೆ ಹೋಗಿ ಬರುತ್ತೇನೆ. ಕಾಫಿ ಕೊಡುತ್ತಾರೆ, ಆ ವಿಷಯ ಎತ್ತುವುದಿಲ್ಲ. ನಾನು ಉಗ್ರಾಣದಲ್ಲಿ ಬೀಕರ್ ಎಣಿಸುತ್ತ ನಿವೃತ್ತಳಾದೆ. ಮುಖ್ಯಸ್ಥರು ನನಗಿಂತ ಮೊದಲೇ ಶಾಲು, ಏಲಕ್ಕಿ ಹಾರ, ಫಲತಾಂಬೂಲದೊಂದಿಗೆ ನಿವೃತ್ತರಾಗಿದ್ದರು. ಅಭಿನಂದನಾ ಭಾಷಣದಲ್ಲಿ ಪ್ರಾಂಶುಪಾಲರು ಉಪ್ಪುಸೊಳೆಯ ಸಂಶೋಧನೆಯನ್ನು ಎರಡು ಸಲ ಪ್ರಸ್ತಾಪಿಸಿದರು. ಎರಡು ಸಲವೂ ಚಪ್ಪಾಳೆ ಬಿತ್ತು.

ಕಳೆದ ತಿಂಗಳು ಸಾಗರದ ಮೆಡಿಕಲ್ ಶಾಪಿನಲ್ಲಿ ನನ್ನ ಮಂಡಿಯ ಮುಲಾಮಿಗೆ ನಿಂತಿದ್ದೆ. ನನ್ನ ಮುಂದೆ ಮುಖ್ಯಸ್ಥರು. ಕೂದಲು ಬೆಳ್ಳಗಾಗಿದೆ, ನಗು ಹಾಗೇ ಇದೆ. ಚೆನ್ನಾಗಿದೀರಾ ಅಂದರು, ಚೆನ್ನಾಗಿದೀನಿ ಅಂದೆ. ಅಂಗಡಿಯವನು ಮೂರು ತಿಂಗಳಿಗಾಗುವಷ್ಟು ಮಾತ್ರೆ ಹಾಳೆ ತಂದು ಅವರ ಮುಂದಿಟ್ಟ. ಹೆಸರು ಓದಿದೆ. ಗೌಡರು ಬಿಟ್ಟಿದ್ದೂ ಅದೇ ಮಾತ್ರೆ.

"ಕೊಲೆಸ್ಟ್ರಾಲಾ ಸರ್?"

"ಹೂಂ. ಹಳೇದು."

"ಎಷ್ಟು ವರ್ಷ ಆಯ್ತು?"

"ಹದಿನಾಲ್ಕೋ ಹದಿನೈದೋ ಆಗಿರಬೇಕು."

ನಾನು ಮನಸ್ಸಿನಲ್ಲೇ ಹಿಂದಕ್ಕೆ ಹೋದೆ. ಪತ್ರಿಕೆಯಲ್ಲಿ ಅವರ ಫೋಟೋ ಬಂದ ವರ್ಷ ಅದರೊಳಗೇ ಬರುತ್ತಿತ್ತು.

"ನಡುವೆ ಯಾವಾಗಾದ್ರೂ ಬಿಟ್ಟಿದ್ರಾ ಸರ್?"

ಅವರು ಇದೆಂಥ ಪ್ರಶ್ನೆ ಎಂಬಂತೆ ನನ್ನ ಮುಖ ನೋಡಿದರು. "ಇದನ್ನೆಲ್ಲ ಹಾಗೆ ಬಿಡಬಾರದು ಸುಮತಿ. ಅಪಾಯ," ಎಂದು ಮಾತ್ರೆಗಳನ್ನು ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿದು ಹೋದರು.